ಅಳಿಯಂದಿರ ಬ್ರೇಕು

ಗುರುಶಾಂತನ ಮನೆಯಲ್ಲಿ ಕೆಟ್ಟ ಸಾಮಾನು ಎಂಬುದಿಲ್ಲ. ರಿಪೇರಿಯಾದ ಸಾಮಾನು ಮಾತ್ರ ಇದೆ. ಎರಡಕ್ಕೂ ಏನು ವ್ಯತ್ಯಾಸ ಎಂಬುದು ಅವನ ಹೆಂಡತಿ ರೂಪಾಲಿಗೆ ಚೆನ್ನಾಗಿ ಗೊತ್ತು. ಅವನು ಬಿಚ್ಚಿ ಜೋಡಿಸಿದ ಮಿಕ್ಸರು ಇಂದಿಗೂ ಶೇಂಗಾ ಚಟ್ನಿ ಅರೆಯುತ್ತದೆ, ಮುಚ್ಚಳವನ್ನು ಇಬ್ಬರು ಒತ್ತಿ ಹಿಡಿಯಬೇಕು ಅಷ್ಟೆ. ಫ್ಯಾನು ಸೊಗಸಾಗಿ ತಿರುಗುತ್ತದೆ, ನಿಲ್ಲಿಸಬೇಕಾದರೆ ಇಡೀ ಮನೆಯ ಮೇನ್ ಸ್ವಿಚ್ ಆರಿಸಬೇಕು. ಓಡಿಸುವ ವಿದ್ಯೆ ಅವನಿಗೆ ಒಲಿದಿತ್ತು, ನಿಲ್ಲಿಸುವ ವಿದ್ಯೆ ಒಲಿದಿರಲಿಲ್ಲ. ಇಂಥವನು ಕಾರಿನ ಬ್ರೇಕಿಗೆ ಕೈ ಹಾಕಿದ.

ಗುರುಶಾಂತ ಸೊಲ್ಲಾಪುರದ ಒಂದು ಟಾವೆಲ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸೂಪರ್‌ವೈಜರ್. ಬೇರೆಯವರು ಮಡಚಿದ ಟಾವೆಲ್‌ಗಳನ್ನು ನೋಡಿ ದಿನವಿಡೀ ತಲೆಯಾಡಿಸುವ ಕೆಲಸ. ಹೀಗಾಗಿ ಸಂಜೆ ಮನೆಗೆ ಬಂದ ಮೇಲೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಚಿಕ್ಕಪ್ಪನ ಮಗನಿಂದ ಕೊಂಡಿದ್ದ ಹಳೆಯ ಬಿಳಿ ಕಾರಿನ ಮುಂದಿನ ಗಾಲಿಗಳ ಬ್ರೇಕ್ ಪ್ಯಾಡ್ ಸವೆದಿವೆ ಎಂದು ಗ್ಯಾರೇಜಿನವನು ಹೇಳಿದ್ದೇ ತಡ, ಅದೇನು ಮಹಾ ಕೆಲಸ, ನಾನೇ ಹಾಕುತ್ತೇನೆ ಎಂದು ಎದೆ ತಟ್ಟಿಕೊಂಡು ಬಂದ. ಮನೆಯಲ್ಲಿ ಆಗ ಅತ್ತೆ ಮಾವ ಇದ್ದರು. ಅಕ್ಕಲಕೋಟದ ಆಚೆ ನಾಗಣಸೂರಿನವರು. ಅತ್ತೆ ಸಾವಿತ್ರಿಬಾಯಿಗೆ ಒಂದು ಕಣ್ಣಿನ ಪೊರೆ ತೆಗೆಸಲೆಂದು ಬಂದಿದ್ದವರು, ಆಪರೇಷನ್ ಮುಗಿದು ಗುರುವಾರ ಊರಿಗೆ ಹೊರಡುವವರಿದ್ದರು. ಅಳಿಯನ ಕಾರಿನಲ್ಲೇ ಹೋಗುವುದು, ದಾರಿಯಲ್ಲಿ ಅಕ್ಕಲಕೋಟದಲ್ಲಿ ಸ್ವಾಮಿಗಳ ದರ್ಶನ ಮಾಡಿಕೊಳ್ಳುವುದು ಎಂದು ನಿಶ್ಚಯವಾಗಿತ್ತು. ಕಣ್ಣಿಗೆ ಧಕ್ಕೆ ಹತ್ತಬಾರದು, ಗಾಡಿ ಸಾವಕಾಶ ಹೋಗಬೇಕು ಎಂದು ಡಾಕ್ಟರು ಎಚ್ಚರಿಸಿದ್ದರು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಗುರುಶಾಂತನ ಮಾನ ಉಳಿದದ್ದೂ ಪ್ರಾಣ ಹೋಗುವಂತಾದದ್ದೂ ಇದರಿಂದಲೇ.

ಬುಧವಾರ ರಜೆ ಹಾಕಿ ಓಣಿಯಲ್ಲೇ ಕೆಲಸ ಶುರು ಮಾಡಿದ. ಪಕ್ಕದ ಮನೆಯ ಧನರಾಜ ಖುರ್ಚಿ ತಂದು ಹಾಕಿಕೊಂಡು ಕುಳಿತ. ಅವನ ಮನೆಯ ಕೆಳಗಿನ ಅಂತಸ್ತಿನಲ್ಲಿ ಪವರ್‌ಲೂಮ್‌ಗಳು ಖಟಖಟ ನಡೆಯುತ್ತಿರುತ್ತವೆ, ಅವನಿಗೆ ಮಾತ್ರ ಕೆಲಸವಿರುವುದಿಲ್ಲ. ಹಾದುಹೋಗುವವರನ್ನೆಲ್ಲ ನಿಲ್ಲಿಸಿ, ನಮ್ಮ ಗುರುಶಾಂತ ಬ್ರೇಕನ್ನೇ ಬಿಚ್ಚಿದ್ದಾನೆ ನೋಡಿ ಎಂದು ಪ್ರಚಾರ ಮಾಡಿದ. ಮಾವ ಶಂಕರೆಪ್ಪನವರು ಕೈಕಟ್ಟಿ ನಿಂತು ಭಯಭಕ್ತಿಯಿಂದ ನೋಡುತ್ತಿದ್ದರು. ಇಷ್ಟು ಜನರೆದುರು ಗುರುಶಾಂತ ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿಕೊಂಡು ಗಾಲಿ ಕಳಚಿದ. ವಿಡಿಯೊದಲ್ಲಿ ಹಿಂದಿ ಮಾತಾಡುವ ಗಡ್ಡದವನೊಬ್ಬ ನಡುವೆ ಕೈ ತೊಳೆಯುವುದು, ಬಟ್ಟೆಯಿಂದ ಒರೆಸುವುದು, ಅದು ತಗಲಬಾರದು, ಇದು ತಗಲಬಾರದು ಎಂದು ಉಪದೇಶ ಶುರು ಮಾಡಿದ. ಕೈ ತೊಳೆಯುವ ಉಪದೇಶ ಮನೆಯಲ್ಲಿ ರೂಪಾಲಿಯಿಂದ ಸಾಕಷ್ಟು ಸಿಗುತ್ತಿದ್ದುದರಿಂದ ಗುರುಶಾಂತ ಹೆಬ್ಬೆರಳಿನಿಂದ ಅವನನ್ನು ಮುಂದಕ್ಕೆ ಓಡಿಸಿದ.

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಒಂದು ಸಣ್ಣ ಉಕ್ಕಿನ ಕ್ಲಿಪ್ಪು ಉಳಿಯಿತು. ಗುರುಶಾಂತನ ರಿಪೇರಿಯಲ್ಲಿ ಏನಾದರೂ ಉಳಿಯುವುದು ಹೊಸದಲ್ಲ. ಕಂಪನಿಯವರು ಒಂದೊಂದು ಹೆಚ್ಚಿಗೆ ಹಾಕಿರುತ್ತಾರೆ ಎಂಬುದು ಅವನ ಸಿದ್ಧಾಂತ. ಯಾರೂ ನೋಡದಂತೆ ಅದನ್ನು ಅಂಗಿಯ ಜೇಬಿಗಿಳಿಸಿ, ಓಣಿಯ ತುದಿಯವರೆಗೆ ಕಾರು ಓಡಿಸಿ ಬ್ರೇಕು ಒತ್ತಿದ. ಕಾರು ಗಕ್ಕನೆ ನಿಂತಿತು. ಆದರೆ ನಿಲ್ಲುವಾಗ ಗಾಲಿಯಿಂದ ಕಿರ್ರ್ ಎಂದು ಎಂಥ ಸದ್ದು ಬಂತೆಂದರೆ, ಬಿಸಿಲಿಗೆ ಮಲಗಿದ್ದ ನಾಯಿಗಳು ಎದ್ದು ಬೇರೆ ಓಣಿಗೆ ಹೋದವು. ಹೊಸ ಪ್ಯಾಡು, ನಾಲ್ಕು ದಿನ ಹಾಗೆಯೇ ಎಂದ ಗುರುಶಾಂತ. ಧನರಾಜ ಮೆಚ್ಚಿ ಹೌದೌದು ಎಂದ.

ಶಂಕರೆಪ್ಪನವರು ಮಾತ್ರ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಯುಷ್ಯವೆಲ್ಲ ಎತ್ತಿನ ಗಾಡಿ ಹೊಡೆದವರು. ಗಾಲಿ ಕಿರುಗುಟ್ಟುವುದು ಅವರ ಪಾಲಿಗೆ ಮನೆಯಲ್ಲಿ ಕೂಸು ಅತ್ತಂತೆ, ಕೇಳಿ ಸುಮ್ಮನಿರಲಾಗದು. ಆದರೆ ಅಳಿಯ ಮಾಡಿದ ಕೆಲಸಕ್ಕೆ ಮಾವ ತಪ್ಪು ತೆಗೆಯುವುದು ಅವರ ಮನೆತನದಲ್ಲಿ ನಡೆದು ಬಂದದ್ದಲ್ಲ. ಆ ಮನೆಯಲ್ಲಿ ಅಳಿಯನೆಂದರೆ ಅಷ್ಟು ಮರ್ಯಾದೆ. ಸಾವಿತ್ರಿಬಾಯಿಯಂತೂ ಮದುವೆಯಾದಾಗಿನಿಂದ ಅಳಿಯನೊಡನೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ತಲೆತುಂಬ ಸೆರಗು ಹೊದ್ದು, ಗೋಡೆಯ ಕಡೆ ಮುಖ ಮಾಡಿ, "ರೂಪಾ, ಅಳಿಯಾರಿಗಿ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುವರು. ಅಳಿಯ ಅಲ್ಲೇ ಮೊಳದಷ್ಟು ದೂರದಲ್ಲಿ ಕುಳಿತಿರುತ್ತಿದ್ದ. ರೂಪಾಲಿ ಕೇಳಿ ಬಂದು ಹೇಳಿದ ಮೇಲೆಯೇ ರೊಟ್ಟಿ ಬೀಳುತ್ತಿತ್ತು.

ಗುರುವಾರ ಬೆಳಿಗ್ಗೆ ಸಾವಿತ್ರಿಬಾಯಿ ಆಪರೇಷನ್ ಆದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ರೂಪಾಲಿಯ ಜೊತೆ ಹಿಂದೆ ಕುಳಿತರು. ಶಂಕರೆಪ್ಪನವರು ಮುಂದೆ ಕುಳಿತರು. ಅವರ ಮುಖದಲ್ಲಿ ಯಾವುದೋ ಒಳ್ಳೆಯ ಕೆಲಸ ಮಾಡಿ ಬಂದವರ ಸಮಾಧಾನವಿತ್ತು. ಧನರಾಜ ಕೈಬೀಸಿ ಬೀಳ್ಕೊಟ್ಟ. ಓಣಿ ಮುಗಿದು ದೊಡ್ಡ ರಸ್ತೆ ಕೂಡುವಲ್ಲಿ ಸಿಟಿ ಬಸ್ಸೊಂದು ಅಡ್ಡ ಬಂತು. ಗುರುಶಾಂತ ಬ್ರೇಕು ಒತ್ತಿದ.

ಕಿರ್ರ್ ಎನ್ನಲಿಲ್ಲ. ಕಾರು ನಿಲ್ಲಲೂ ಇಲ್ಲ. ತನಗೇನೂ ಹೇಳಿಯೇ ಇಲ್ಲವೆಂಬಂತೆ ಮುಂದೆ ಹೊರಟಿತು. ಗುರುಶಾಂತ ಸ್ಟಿಯರಿಂಗ್ ಎಡಕ್ಕೆ ತಿರುವಿ, ಕೈಬ್ರೇಕು ಎಳೆದು, ಮನೆ ಕಟ್ಟಲು ಯಾರೋ ಸುರಿದಿದ್ದ ಮರಳ ಗುಡ್ಡೆಗೆ ಮುಂದಿನ ಗಾಲಿ ಹತ್ತಿಸಿದ. ಕಾರು ನಿಂತಿತು. ಬಸ್ಸು ದಾಟಿ ಹೋಯಿತು.

"ರೀ, ಇಲ್ಲಿ ಯಾಕ ನಿಲ್ಲಿಸಿದ್ರಿ?" ಎಂದು ರೂಪಾಲಿ ಕೇಳಿದಳು.

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಮನೆ ಹಿಂದೆಯೇ ಇತ್ತು, ಗ್ಯಾರೇಜು ಮುಂದಿನ ಚೌಕಿನಲ್ಲೇ ಇತ್ತು. ಆದರೆ ದೇವರು ಮನುಷ್ಯನನ್ನು ಕೆಡಿಸಬೇಕೆಂದರೆ ಎದುರಿಗೆ ಒಂದು ನೆವವನ್ನು ತಂದಿಡುತ್ತಾನೆ. ಮರಳಿನ ಪಕ್ಕದಲ್ಲಿ ತೆಂಗಿನಕಾಯಿಯ ಗಾಡಿಯಿತ್ತು.

"ಕಾಯಿ ತಗೋಬೇಕಲ್ಲ" ಎಂದ ಗುರುಶಾಂತ.

ರೂಪಾಲಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಇಳಿದು ಕಾಯಿ ತಂದಳು. ಕಾಯಿ ಬಂದ ಮೇಲೆ ಹೊರಡದಿರಲು ಕಾರಣ ಉಳಿಯಲಿಲ್ಲ. ಆ ಚೌಕಿನ ಗ್ಯಾರೇಜಿನವನೇ ಪ್ಯಾಡ್ ಸವೆದದ್ದನ್ನು ಹೇಳಿದವನು. ನೀವು ಕೈ ಹಾಕಬೇಡಿ ಎಂದೂ ಹೇಳಿದ್ದ. ಅವನ ಮುಂದೆ, ಅದೂ ಮಾವನೆದುರು, ತಲೆ ತಗ್ಗಿಸಿ ನಿಲ್ಲುವ ಬದಲು ಊರಾಚೆ ಗುರುತಿಲ್ಲದ ಗ್ಯಾರೇಜೊಂದನ್ನು ಹುಡುಕುವುದೇ ಒಳ್ಳೆಯದೆಂದು ಗುರುಶಾಂತ ಮೊದಲನೇ ಗೇರಿನಲ್ಲಿ, ಕೈಬ್ರೇಕನ್ನು ಅರ್ಧ ಎಳೆದುಕೊಂಡೇ, ಹೆಣದ ಮೆರವಣಿಗೆಯ ವೇಗದಲ್ಲಿ ಹೊರಟ. ಹಿಂದಿನ ಗಾಲಿಗಳ ಬ್ರೇಕು ಮೊದಲೇ ಹಳೆಯದು, ಕಾರನ್ನು ನಿಧಾನಿಸುತ್ತಿತ್ತೇ ಹೊರತು ನಿಲ್ಲಿಸುತ್ತಿರಲಿಲ್ಲ. ಜೇಬಿನಲ್ಲಿದ್ದ ಕ್ಲಿಪ್ಪು ಎದೆಗೆ ಚುಚ್ಚುತ್ತಿತ್ತು. ಎಲ್ಲದಕ್ಕೂ ಅದೇ ಕಾರಣ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಶಹರದ ಹೊರಗೆ ಪೊಲೀಸರು ರಸ್ತೆಗೆ ಅಡ್ಡ ಬ್ಯಾರಿಕೇಡ್ ಇಟ್ಟು ಗಾಡಿಗಳನ್ನು ತಪಾಸು ಮಾಡುತ್ತಿದ್ದರು. ಹವಾಲ್ದಾರನೊಬ್ಬ ನಿಲ್ಲಿಸುವಂತೆ ಕೈ ತೋರಿಸಿದ. ಗುರುಶಾಂತ ಕೈ ಮುಗಿದ. ಇನ್ನೇನು ಮಾಡಲೂ ಅವನಿಂದ ಸಾಧ್ಯವಿರಲಿಲ್ಲ. ಕಾರು ನಿಲ್ಲದೆ ತೆವಳುತ್ತಲೇ ಇತ್ತು. ಹವಾಲ್ದಾರ ಸಿಟ್ಟಿನಿಂದ ಕಿಟಕಿಯ ಪಕ್ಕ ನಡೆಯುತ್ತ ಮರಾಠಿಯಲ್ಲಿ ಗದರಿಸತೊಡಗಿದವನು, ಒಳಗೆ ಬಗ್ಗಿ ನೋಡಿ ಸಾವಿತ್ರಿಬಾಯಿಯ ಹಸಿರು ಬಟ್ಟೆ ಕಂಡು ಸುಮ್ಮನಾದ. ಅತ್ತೆಗೆ ಕಣ್ಣಿನ ಆಪರೇಷನ್ ಆಗಿದೆ, ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಿದರೆ ಜಗ್ಗುತ್ತದೆ, ಅದಕ್ಕೇ ಅಳಿಯಂದಿರು ನಿಲ್ಲಿಸುತ್ತಿಲ್ಲ ಎಂದು ಶಂಕರೆಪ್ಪನವರು ತಮ್ಮ ಹರಕು ಮರಾಠಿಯಲ್ಲಿ ವಿವರಿಸಿದರು. ಹವಾಲ್ದಾರನ ಕಣ್ಣು ತೇವವಾದವು. ಅವನಿಗೂ ಒಬ್ಬ ಅಳಿಯನಿದ್ದನಂತೆ, ಹೋದ ದೀಪಾವಳಿಯಿಂದ ಮುಖ ತೋರಿಸಿಲ್ಲವಂತೆ. ಓಡಿ ಹೋಗಿ ತಾನೇ ಬ್ಯಾರಿಕೇಡ್ ಸರಿಸಿ, ಇಂಥ ಅಳಿಯ ಎಲ್ಲರಿಗೂ ಸಿಗಲಿ ಎಂದು ಸಲಾಮು ಹೊಡೆದ.

ಹಿಂದಿನ ಸೀಟಿನಲ್ಲಿ ಸಾವಿತ್ರಿಬಾಯಿ ಮಗಳ ಕಿವಿಯಲ್ಲಿ ಏನೋ ಹೇಳಿದರು. ಗಾಡಿ ಭಾಳ ಛಲೋ ನಡೆಸುತ್ತೀರಿ ಅಂತ ಅವ್ವ ಹೇಳುತ್ತಾಳೆ ಎಂದು ರೂಪಾಲಿ ದಾಟಿಸಿದಳು. ಅವಳ ದನಿ ಒಣಗಿತ್ತು. ಗುರುಶಾಂತನಿಗೆ ಅಳು ಬಂದಂತಾಯಿತು. ಹೊಗಳಿಕೆ ಹೆಚ್ಚಾದಷ್ಟೂ ನಿಜ ಹೇಳುವ ಬಾಯಿ ಕಟ್ಟುತ್ತ ಹೋಯಿತು.

ಕುಂಭಾರಿಯಲ್ಲಿ ಒಂದು ಗ್ಯಾರೇಜು ಕಂಡಿತು. ಏರಿನ ಮೇಲಿದ್ದುದರಿಂದ ಕಾರು ತಾನಾಗಿ ನಿಂತಿತು, ಆದರೆ ಗ್ಯಾರೇಜಿಗೆ ಬೀಗ. ಮಾಲೀಕ ಪಾದಯಾತ್ರೆಯಲ್ಲಿ ಅಕ್ಕಲಕೋಟಕ್ಕೆ ನಡೆದುಕೊಂಡು ಹೋಗಿದ್ದಾನೆ ಎಂದು ಪಕ್ಕದ ಚಹದಂಗಡಿಯವನು ಹೇಳಿದ. ಗಾಡಿಯ ಕಸುಬು ಬಲ್ಲವನು ನಡೆದು ಹೋಗಿದ್ದ, ಅರಿಯದವನು ಗಾಡಿಯಲ್ಲಿ ಹೊರಟಿದ್ದ. ಮುಂದೆ ದೊಡ್ಡ ರಸ್ತೆಯ ತುಂಬ ಲಾರಿಗಳು ಸುಯ್ಯೆಂದು ಹೋಗುತ್ತಿದ್ದವು. ಅವುಗಳ ನಡುವೆ ಬ್ರೇಕಿಲ್ಲದೆ ಹೋಗುವ ಧೈರ್ಯ ಸಾಲದೆ ಗುರುಶಾಂತ ಹಳ್ಳಿಗಳ ಒಳಗಿಂದ ಹೋಗುವ ಹಳೆಯ ರಸ್ತೆಗೆ ಕಾರು ಇಳಿಸಿದ. ಲಾರಿಗೆ ಅಂಜಿದವನು ತಾನೊಬ್ಬನೇ ಎಂದು ಅವನು ತಿಳಿದಿದ್ದ. ವಳಸಂಗದ ಹತ್ತಿರ ಬರುವಷ್ಟರಲ್ಲಿ ನೋಡಿದರೆ, ಅದೇ ಅಂಜಿಕೆಯಿಂದ ಇಡೀ ಪಾದಯಾತ್ರೆ ಅದೇ ರಸ್ತೆ ಹಿಡಿದಿತ್ತು.

ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು. ಬರಿಗಾಲಿನಲ್ಲಿ ಹಾಡಿಕೊಂಡು ರಸ್ತೆಯ ಅಗಲಕ್ಕೂ ಹರಡಿ ನಡೆಯುತ್ತಿದ್ದರು. ಗುರುಶಾಂತ ಹಾರ್ನು ಹೊಡೆಯಲಿಲ್ಲ. ಹೊಡೆದರೆ ಜನ ಗಾಬರಿಯಾಗಿ ಅಡ್ಡ ಬರುತ್ತಾರೆಂದು ಅವನ ಭಯ. ಅವರ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ತೆವಳಿದ. ಕಾಲಿಗೆ ಬೊಬ್ಬೆ ಬಂದ ಜನಕ್ಕೆ, ಹಾರ್ನು ಹೊಡೆಯದೆ, ಮುಂದೆ ನುಗ್ಗದೆ, ತಮ್ಮ ಹೆಜ್ಜೆಗೆ ಹೆಜ್ಜೆ ಹಾಕಿ ಬರುವ ಕಾರೊಂದನ್ನು ಕಂಡರೆ ಏನನ್ನಿಸಬೇಕು? ಅವರ ಮುಖಂಡ, ಭಗವಂತ ಎಂಬವನು, ಹಿಂದೆ ಬಂದ. ತೋಳಿನಷ್ಟು ಮೀಸೆ, ಕೈಯಲ್ಲಿ ಕೇಸರಿ ಧ್ವಜ. ಯಾವ ಪುಣ್ಯಾತ್ಮರು ನಮ್ಮ ಸೇವೆಗೆ ಗಾಡಿ ಕಳಿಸಿದ್ದು ಎಂದು ವಿಚಾರಿಸಿದ. ಗುರುಶಾಂತ ತೊದಲಿದ್ದನ್ನು ವಿನಯವೆಂದು ತಿಳಿದು, ಎಲ್ಲರ ಗಂಟುಗಳನ್ನೂ ಡಿಕ್ಕಿಗೆ ತುಂಬಿಸಿದ. ಕಾರಿನ ಹಿಂಭಾಗ ಕುಸಿಯಿತು. ಗುರುಶಾಂತ ಬ್ರೇಕಿಲ್ಲದ ಗಾಡಿಗೆ ಭಾರ ಹೆಚ್ಚಾದರೆ ಏನಾಗುತ್ತದೆಂದು ಯೋಚಿಸತೊಡಗಿದ. ಅದು ಮುಗಿಯುವ ಮೊದಲೇ ಭಗವಂತ ಇನ್ನೂ ಒಂದು ಉಪಕಾರ ಮಾಡಿದ. ಸೇವೆಯ ಗಾಡಿಗೆ ಮರ್ಯಾದೆಯಿರಲೆಂದು ತಾನೇ ಧ್ವಜ ಹಿಡಿದು, ಕಂಕುಳ ಕೂಸಿನ ಹೆಂಗಸರನ್ನೆಲ್ಲ ಕೂಡಿಸಿಕೊಂಡು, ಕಾರಿನ ಬಾನೆಟ್ಟಿಗೆ ಕೈ ತಾಗುವಷ್ಟು ಹತ್ತಿರದಲ್ಲಿ ಮುಂದೆ ನಡೆಯತೊಡಗಿದ.

ಗುರುಶಾಂತನಿಗೆ ಈಗ ಕಾಣುತ್ತಿದ್ದದ್ದು ಒಂದೇ. ಒಬ್ಬ ತಾಯಿಯ ಹೆಗಲ ಮೇಲಿಂದ ಒಂದು ಕೂಸು ಅವನನ್ನೇ ನೋಡಿ ನಗುತ್ತಿತ್ತು.

ಒಂದು ಏರು ಬಂದಾಗ ಕಾರು ನಿಂತಿತು. ಎಂಜಿನ್ ಬಿಸಿಯಾಗಿದೆ ಎಂದು ಹೇಳಿ ಇಳಿದು ಬಾನೆಟ್ ಎತ್ತಿದ. ಹಿಂದಿನ ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಗಡ್ಡದವನ ವಿಡಿಯೊವನ್ನು ಮನಸ್ಸಿನಲ್ಲೇ ತಿರುವಿ ಹಾಕಿದ. ಪೆಡಲು ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದಿದ್ದ. ಮೆತ್ತಗಾಗಿರಲಿಲ್ಲ, ಕಲ್ಲಿನಂತಿತ್ತು. ಪೆಡಲು ನೆಲಕ್ಕೆ ಇಳಿದರೆ ಬ್ರೇಕಿನ ಎಣ್ಣೆ ಸೋರಿದೆ ಎಂದಿದ್ದ. ಇಳಿದಿರಲಿಲ್ಲ, ಎಣ್ಣೆಯ ಡಬ್ಬಿಯೂ ತುಂಬಿತ್ತು. ಆದರೆ ಬಗ್ಗಿ ಮುಂದಿನ ಗಾಲಿಯೊಳಗೆ ಬೆರಳು ಹಾಕಿದರೆ ಬೆರಳಿಗೆ ಎಣ್ಣೆ ಹತ್ತಿತು. ಇನ್ನೊಂದು ಗಾಲಿಯಲ್ಲೂ ಅಷ್ಟೇ. ಡಬ್ಬಿಯಲ್ಲಿ ಒಂದು ಹನಿ ಕಡಿಮೆಯಾಗಿಲ್ಲ, ಗಾಲಿಗಳು ಮಾತ್ರ ಎಣ್ಣೆಯಲ್ಲಿ ಮಿಂದಿವೆ. ತಾನು ಬಿಚ್ಚಿದ ಎಲ್ಲ ಕಡೆಯಿಂದಲೂ ಕಾರು ಸೋರುತ್ತಿದೆ, ಇನ್ನು ಉಳಿಗಾಲವಿಲ್ಲ ಎಂದು ಗುರುಶಾಂತ ತಲೆಯ ಮೇಲೆ ಕೈ ಹೊತ್ತು ಕುಳಿತ.

ಪಕ್ಕದಲ್ಲಿ ನಿಂತಿದ್ದ ಶಂಕರೆಪ್ಪನವರು ಅಳಿಯನ ಎಣ್ಣೆಗೈಯನ್ನು ನೋಡಿ ನಾಚಿಕೊಂಡಂತೆ ನಕ್ಕರು. ಎಣ್ಣೆ ಸಾಕಷ್ಟು ಇದೆಯಲ್ಲ ಎಂದು ಮೆಲ್ಲಗೆ ಕೇಳಿದರು. ಇದೆ ಮಾವನವರೇ, ಬಹಳ ಇದೆ ಎಂದ ಗುರುಶಾಂತ. ಮಾವನಿಗೆ ತೃಪ್ತಿಯಾಯಿತು. ಈ ನಗೆಯ ಅರ್ಥವನ್ನು ಅವನು ಆಗಲೇ ವಿಚಾರಿಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾವನ ನಗೆಗೆ ಅರ್ಥ ಕೇಳುವ ಪದ್ಧತಿಯೂ ಆ ಮನೆತನದಲ್ಲಿರಲಿಲ್ಲ. ಭಗವಂತ ಮುಂದಿನಿಂದ ಧ್ವಜ ಬೀಸಿದ. ಏರು ಮುಗಿದರೆ ಆಚೆಗೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಹಳ್ಳದ ಸೇತುವೆ. ಜನ ಆಗಲೇ ಇಳಿಯತೊಡಗಿದ್ದರು.

ಬಾನೆಟ್ ಮುಚ್ಚಿದ ಗುರುಶಾಂತ, ಇಲ್ಲೇ ನಿಂತುಬಿಡೋಣ ಎಂದು ನಿಜವಾಗಿಯೂ ಬಾಯಿ ತೆರೆದ. ಆದರೆ ಭಗವಂತನ ಕಡೆಯ ಇಬ್ಬರು ಗಟ್ಟಿ ಆಳುಗಳು, ಕಾರು ಏರಲಾರದೆ ನಿಂತಿದೆಯೆಂದು ತಿಳಿದು, ಹಿಂದಿನಿಂದ ಭುಜ ಕೊಟ್ಟು ನೂಕಿದರು. ಕಾರು ಏರಿನ ತಲೆಗೆ ಬಂತು, ಒಂದು ಗಳಿಗೆ ತಡೆಯಿತು, ಇಳಿಯತೊಡಗಿತು. ಗುರುಶಾಂತ ಓಡಿ ಬಾಗಿಲಿಗೆ ಜೋತುಬಿದ್ದು ಒಳಗೆ ಕುಳಿತ. ಶಂಕರೆಪ್ಪನವರು ಮೇಲೆಯೇ ಉಳಿದರು.

ಕೈಬ್ರೇಕು ಎಳೆದ. ದಾರಿಯುದ್ದಕ್ಕೂ ಅರ್ಧ ಎಳೆದು ಸುಟ್ಟಿದ್ದ ಅದು ಈಗ ಕೈಗೆ ಸುಮ್ಮನೆ ಬಂತು. ಗಾಬರಿಯಲ್ಲಿ ಕಾಲಿಗೆ ಸಿಕ್ಕಿದ್ದನ್ನೆಲ್ಲ ಒತ್ತಿದ. ಅದರಲ್ಲಿ ಕ್ಲಚ್ಚೂ ಇದ್ದುದರಿಂದ ಗೇರಿನಿಂದ ಕಾರಿಗೆ ಇದ್ದ ಒಂದೇ ಹಿಡಿತವೂ ತಪ್ಪಿ ಅದು ಹಗುರಾಗಿ ಓಡಿತು. ಮುಂದೆ ಧ್ವಜ, ಧ್ವಜದ ಪಕ್ಕದಲ್ಲಿ ಆ ಕೂಸು. ಅದು ಇನ್ನೂ ನಗುತ್ತಿತ್ತು. ಗುರುಶಾಂತನಿಗೆ ಮಾನ ಮರ್ಯಾದೆ ಎಲ್ಲ ಮರೆತುಹೋಯಿತು.

"ರೂಪಾ, ಬ್ರೇಕ್ ಹತ್ತವಲ್ದು" ಎಂದ. "ನನಗ ಅಂಜಿಕಿ ಬಂದದ."

ಹಿಂದಿನಿಂದ ಉತ್ತರ ಬಂತು. ಅದು ರೂಪಾಲಿಯ ದನಿಯಾಗಿರಲಿಲ್ಲ. ಗೋಡೆಗಲ್ಲದೆ, ಮಗಳಿಗಲ್ಲದೆ, ನೇರವಾಗಿ ಅವನ ಕಿವಿಯ ಹಿಂದೆ ಬಂದ ಆ ದನಿ ಅವನಿಗೆ ಮೊದಲು ಯಾರದೆಂದೇ ತಿಳಿಯಲಿಲ್ಲ.

"ಅಳಿಯಾರ, ಬಲಕ್ಕ ಎರಿ ಹೊಲ ಅದ. ಹೊಲಕ್ಕ ಹೊಡೀರಿ."

ಗುರುಶಾಂತ ಯೋಚಿಸಲಿಲ್ಲ. ಅತ್ತೆ ಹೇಳಿದ ಮೊದಲ ಮಾತು, ನಡೆಸಿಕೊಟ್ಟ. ಕಾರು ರಸ್ತೆ ಬಿಟ್ಟು, ಬದು ಹಾರಿ, ನೇಗಿಲು ಹೊಡೆದು ಬಿಟ್ಟಿದ್ದ ಕರಿಮಣ್ಣಿಗೆ ಮೂಗು ಹುಗಿಯಿತು. ಮಣ್ಣಿನ ಹೆಂಟೆಗಳು ಗಾಜಿನ ಮೇಲೆ ಸಿಡಿದವು. ಮಣ್ಣು ಗಾಲಿಗಳನ್ನು ಒಂದೊಂದಾಗಿ ಹಿಡಿದುಕೊಂಡಿತು. ಕಾರು ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ಸಾವಿತ್ರಿಬಾಯಿಯ ಹಸಿರು ಬಟ್ಟೆ ಕೂಡ ಜಾರಿರಲಿಲ್ಲ. ರಸ್ತೆಯ ಮೇಲೆ ಕೂಸು ಮೊದಲ ಬಾರಿಗೆ ಅಳತೊಡಗಿತು, ಆಟ ಮುಗಿಯಿತೆಂದಿರಬೇಕು. ಗುರುಶಾಂತ ಇಳಿದು ಒಂದು ಹೆಂಟೆಯ ಮೇಲೆ ಕುಳಿತ.

ಜನ ಓಡಿ ಬಂದರು. ಗುರುಶಾಂತ ಎದ್ದು ಕೈಮುಗಿದು, ತಪ್ಪೆಲ್ಲ ನನ್ನದು, ಬ್ರೇಕು ನಾನೇ ಕೆಡಿಸಿದ್ದು, ಬೆಳಿಗ್ಗೆಯಿಂದ ಗೊತ್ತಿದ್ದೂ ಮುಚ್ಚಿಟ್ಟೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಕೊಂಡ. ಆದರೆ ಅಷ್ಟು ಹೊತ್ತಿನಿಂದ ಪುಣ್ಯಾತ್ಮನಾಗಿದ್ದವನ ಮಾತನ್ನು ಯಾರೂ ನಂಬಲಿಲ್ಲ. ನಮ್ಮ ಜೀವ ಉಳಿಸಲು ತನ್ನ ಗಾಡಿಯನ್ನೇ ಹೊಲಕ್ಕೆ ಹಾಕಿದ, ಮೇಲೆ ತಪ್ಪು ನನ್ನದೆನ್ನುತ್ತಾನೆ, ಎಂಥ ದೊಡ್ಡ ಗುಣ ಎಂದು ಭಗವಂತ ಮರಾಠಿಯಲ್ಲೂ ಕನ್ನಡದಲ್ಲೂ ಸಾರಿದ. ಧ್ವಜಕ್ಕೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಬಿಚ್ಚಿ ಗುರುಶಾಂತನ ಕೊರಳಿಗೆ ಹಾಕಿದ. ಹೊಲದ ಮಾಲೀಕ ಹಣಮಂತಪ್ಪ ಬಾರುಕೋಲು ಹಿಡಿದು ಬೈಯಲೆಂದು ಓಡಿಬಂದವನು, ಮಾಲೆ ನೋಡಿ, ಯಾರೋ ದೊಡ್ಡವರಿರಬೇಕೆಂದು ತಾನೂ ಕೈಮುಗಿದ. ಗಂಟುಗಳನ್ನು ಇಳಿಸಿಕೊಂಡು ಪಾದಯಾತ್ರೆ ಮುಂದೆ ಹೋಯಿತು.

ಉಳಿದವರು ಮನೆಯವರು. ಅವರನ್ನು ಮಾಲೆಯಿಂದ ನಂಬಿಸಲಾಗುವುದಿಲ್ಲ. ಗುರುಶಾಂತ ಜೇಬಿನಿಂದ ಕ್ಲಿಪ್ಪು ತೆಗೆದು ಹೆಂಡತಿಯ ಕೈಯಲ್ಲಿಟ್ಟ.

"ಇದು ಉಳದಿತ್ತು" ಎಂದ. "ನಿನ್ನೆಽ ಹೇಳಬೇಕಿತ್ತು."

ಅಷ್ಟರಲ್ಲಿ ಶಂಕರೆಪ್ಪನವರು ಏದುಸಿರು ಬಿಡುತ್ತ ಇಳಿಜಾರು ಇಳಿದು ಬಂದಿದ್ದರು. ಬ್ರೇಕು ಹಿಡಿಯಲಿಲ್ಲವೆಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಕಪ್ಪಿಟ್ಟಿತು. ಮುಂದಿನ ಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಹೆಗಲ ಮೇಲಿನ ವಸ್ತ್ರದಿಂದ ಒಳಗೆಲ್ಲ ಒರೆಸತೊಡಗಿದರು. ವಸ್ತ್ರ ಎಣ್ಣೆಯಾಯಿತು. ಗುರುಶಾಂತ ಬಗ್ಗಿ ಮೂಸಿ ನೋಡಿದ. ಅದು ಬ್ರೇಕಿನ ಎಣ್ಣೆಯ ವಾಸನೆಯಲ್ಲ. ಧನರಾಜನ ಮನೆಯ ಕೆಳಗೆ ಹಗಲೂ ರಾತ್ರಿ ಬರುವ ವಾಸನೆ, ಮಗ್ಗಕ್ಕೆ ಹಾಕುವ ಎಣ್ಣೆ.

"ಮುಂಜಾನಿ ನಾನಽ ಹಾಕಿದ್ನಿರಿ" ಎಂದರು ಶಂಕರೆಪ್ಪನವರು, ತಲೆ ಎತ್ತದೆ. "ಗಾಲಿ ಕಿರ್ರ್ ಅಂತಿತ್ತು. ನಿಮಗ ಹ್ಯಾಂಗ ಹೇಳೂದು ಅಂತ ಧನರಾಜರ ಕಡಿಂದ ಎಣ್ಣಿ ಇಸ್ಕೊಂಡು ಎರಡೂ ಗಾಲಿಗಿ ಬರೋಬ್ಬರಿ ಉಣಸೀನಿ. ಬಂಡಿಗಿ ಹಂಗಽ ಮಾಡ್ತೀವಲ್ರಿ."

ಗಡ್ಡದವನು ಏನು ತಗಲಬಾರದೆಂದು ಹೇಳುತ್ತಿದ್ದ ಎಂಬುದು ಗುರುಶಾಂತನಿಗೆ ಈಗ ಹೊಳೆಯಿತು. ಕ್ಲಿಪ್ಪಿಲ್ಲದ್ದಕ್ಕೆ ಗಾಲಿ ಕಿರುಗುಟ್ಟಿತು, ಕಿರುಗುಟ್ಟಿದ್ದಕ್ಕೆ ಮಾವ ಎಣ್ಣೆ ಉಣಿಸಿದರು, ಎಣ್ಣೆ ಉಂಡ ಬ್ರೇಕು ಜಾರಿತು. ಎಲ್ಲವನ್ನೂ ಮಾವನ ಮೇಲೆ ಹಾಕಿ ಮೀಸೆ ತಿರುವಲು ಒಳ್ಳೆಯ ಅವಕಾಶ. ಆದರೆ ಆ ಎಣ್ಣೆವಸ್ತ್ರ, ಆ ಬಗ್ಗಿದ ತಲೆ ನೋಡಿ ಅವನಿಗೆ ಅದು ಬೇಡವಾಯಿತು. ಪಕ್ಕದಲ್ಲೇ ಕುಳಿತು ಇನ್ನೊಂದು ಗಾಲಿಯನ್ನು ತನ್ನ ಕೊರಳ ಮಾಲೆಯ ಹೂವಿನಿಂದಲೇ ಒರೆಸತೊಡಗಿದ.

ರೂಪಾಲಿ ಕ್ಲಿಪ್ಪನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತಿದ್ದಳು. ಅವಳು ಕೂಗಾಡುತ್ತಾಳೆಂದು ಗುರುಶಾಂತ ಕಾದಿದ್ದ. ಕೂಗಾಡಲಿಲ್ಲ.

"ಚೀಲದಾಗ ಮೊದಲಽ ಎರಡು ಕಾಯಿ ಇದ್ದುವು" ಎಂದಳು. "ನೀವು ಮರಳಿನ್ಯಾಗ ಹೊಗಿಸಿದಾಗಽ ನನಗ ತಿಳಿದಿತ್ತು. ಅಪ್ಪನ ಮುಂದ ನಿಮ್ಮ ಮಾನ ಹೋಗ್ತದ ಅಂತ ಸುಮ್ಮನ ಕುಂತೆ. ಕೈಯಾಗ ಕಾಯಿ ಹಿಡಕೊಂಡು ಇಲ್ಲಿತನಕ ಜೀವ ಹಿಡಕೊಂಡು ಕುಂತೀನಿ."

"ನಾನೂ ನೋಡೀನಿ" ಎಂದರು ಸಾವಿತ್ರಿಬಾಯಿ ಕಾರಿನೊಳಗಿಂದ. ಎಲ್ಲರೂ ಆ ಕಡೆ ತಿರುಗಿದರು. "ಮುಂಜಾನಿ ಇವ್ರು ಎಣ್ಣಿ ಹಾಕೂದು ಕಿಟಕ್ಯಾಗಿಂದ ನೋಡೀನಿ. ಅಳಿಯಾರಿಗಿ ಹೇಳಬೇಕು ಅನಸ್ತು. ಆಮ್ಯಾಲ, ಅಳಿಯಾರ ಕೂಡ ಹ್ಯಾಂಗ ಮಾತಾಡೂದು ಅಂತ ಬಿಟ್ಟೆ."

ನಾಲ್ಕು ಜನ, ನಾಲ್ವರಿಗೂ ಒಂದೊಂದು ತುಂಡು ನಿಜ ಗೊತ್ತು. ಒಬ್ಬರ ಮರ್ಯಾದೆಯನ್ನು ಒಬ್ಬರು ಕಾಯುತ್ತ, ಎಲ್ಲರೂ ಕೂಡಿ ಮರ್ಯಾದೆಯಿಂದ ಹಳ್ಳಕ್ಕೆ ಹೋಗಿ ಬೀಳುವವರಿದ್ದರು. ಗುರುಶಾಂತನಿಗೆ ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು. ಹಣಮಂತಪ್ಪ ದೊಡ್ಡವರು ಹೀಗೂ ಇರುತ್ತಾರೇನೋ ಎಂದು ನೋಡುತ್ತ ನಿಂತಿದ್ದ.

ಅವನೇ ಎತ್ತು ತಂದ. ಎತ್ತಿನ ಹಗ್ಗ ಕೈಗೆ ಬಂದದ್ದೇ ಶಂಕರೆಪ್ಪನವರ ಬೆನ್ನು ನೆಟ್ಟಗಾಯಿತು. ಅವರು ಹೋ ಎಂದರೆ ಎತ್ತು ನಿಲ್ಲುತ್ತಿದ್ದವು, ಹಾ ಎಂದರೆ ನಡೆಯುತ್ತಿದ್ದವು. ಇಂಥ ಬ್ರೇಕಿನ ಬಗ್ಗೆ ಗುರುಶಾಂತನಿಗೆ ಹೊಟ್ಟೆಕಿಚ್ಚಾಯಿತು. ಎತ್ತು ಕಾರನ್ನು ರಸ್ತೆಗೆಳೆದವು. ಅಲ್ಲಿಂದ ಟ್ರ್ಯಾಕ್ಟರಿಗೆ ಕಟ್ಟಿ ಅಕ್ಕಲಕೋಟಕ್ಕೆ ಒಯ್ದದ್ದಾಯಿತು. ಅಲ್ಲಿಯ ಗ್ಯಾರೇಜಿನಲ್ಲಿ ಗುರುಶಾಂತ ಒಂದನ್ನೂ ಮುಚ್ಚಿಡದೆ ಹೇಳಿದ. ಗ್ಯಾರೇಜಿನವನು ಹೊಟ್ಟೆ ಹಿಡಿದುಕೊಂಡು ನಕ್ಕು, ಅಕ್ಕಪಕ್ಕದ ಅಂಗಡಿಯವರನ್ನೂ ಕರೆದು ಇನ್ನೊಮ್ಮೆ ಹೇಳಿಸಿ ನಕ್ಕು, ಆಮೇಲೆ ಎಣ್ಣೆ ಕುಡಿದ ಪ್ಯಾಡುಗಳನ್ನೆಸೆದು ಹೊಸದು ಹಾಕಿ, ಬ್ರೇಕಿನ ತಟ್ಟೆಗಳನ್ನು ತೊಳೆದು, ಹಿಂದಿನ ಸುಟ್ಟ ಬ್ರೇಕನ್ನೂ ಸರಿಮಾಡಿ, ಆ ಕ್ಲಿಪ್ಪನ್ನು ಅದರ ಜಾಗದಲ್ಲಿ ಕೂರಿಸಿದ. ಅಷ್ಟರಲ್ಲಿ ದರ್ಶನವಾಯಿತು. ಮೂರು ಕಾಯಿ ಒಡೆದರು.

ಇಳಿಬಿಸಿಲಿನಲ್ಲಿ ನಾಗಣಸೂರಿನ ದಾರಿ ಹಿಡಿದರು. ಸಾವಿತ್ರಿಬಾಯಿ ಈ ಸಲ ಗಂಡನನ್ನು ಹಿಂದೆ ಕಳಿಸಿ ತಾವೇ ಮುಂದೆ ಕುಳಿತರು. ಊರು ದಾಟಿದ ಮೇಲೆ ಗುರುಶಾಂತ ಒಂದು ಬೇವಿನ ಗಿಡದ ಹತ್ತಿರ ಬ್ರೇಕು ಒತ್ತಿ ನೋಡಿದ. ಕಾರು ನಿಂತಿತು. ಕಿರ್ರ್ ಎನ್ನಲಿಲ್ಲ, ಒಂದು ಚೂರೂ ಸದ್ದಿಲ್ಲ. ಬೆಳಿಗ್ಗೆ ಕೂಡ ಹೀಗೆಯೇ ಸದ್ದಿರಲಿಲ್ಲ ಎಂಬುದು ನಾಲ್ವರಿಗೂ ಒಟ್ಟಿಗೇ ನೆನಪಾಯಿತು. ಎಲ್ಲರ ಕೈಗಳೂ ಸೀಟಿನ ಅಂಚು ಹಿಡಿದುಕೊಂಡವು.

"ಅಳಿಯಾರ, ಖರೇನಽ ನಿಂತಾದೇನು?" ಎಂದು ಸಾವಿತ್ರಿಬಾಯಿ ಕೇಳಿದರು.

"ನಿಂತಾದ್ರಿ ಅತ್ತಿಯವರ."

"ಇನ್ನೊಮ್ಮಿ ನಿಲ್ಲಸ್ರಿ, ನೋಡೂಣು."

ಗುರುಶಾಂತ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದ. ಸಾವಿತ್ರಿಬಾಯಿ ಉಸಿರು ಬಿಟ್ಟರು. ಜೋಳದ ಹೊಲದ ಬಳಿ ಇನ್ನೊಮ್ಮೆ ಎಂದರು. ಅಲ್ಲಿಯೂ ನಿಲ್ಲಿಸಿದ. ಇಷ್ಟು ವರ್ಷ ಆಡದೆ ಉಳಿಸಿಟ್ಟ ಮಾತನ್ನೆಲ್ಲ ಅವರು ಆ ಒಂದೇ ಮಾತಿನಲ್ಲಿ ಖರ್ಚು ಮಾಡುವಂತಿತ್ತು. ನಾಗಣಸೂರಿನ ಕಟ್ಟೆಯ ಮೇಲೆ ಕುಳಿತಿದ್ದವರು, ಶಂಕರೆಪ್ಪನ ಅಳಿಯ ಕಾರು ಕೊಂಡಿದ್ದಾನೆಂದು ಕೇಳಿ ನೋಡಲು ಕಾದಿದ್ದವರು, ಒಂದು ಬಿಳಿ ಕಾರು ಹೆಜ್ಜೆಗೊಮ್ಮೆ ನಿಲ್ಲುತ್ತ, ಮುಗ್ಗರಿಸುತ್ತ ಊರು ಹೊಗುವುದನ್ನು ಕಂಡು, ಪಾಪ, ಹುಡುಗನಿಗೆ ಗಾಡಿ ನಡೆಸಲು ಬರುವುದಿಲ್ಲ ಎಂದು ಗಟ್ಟಿಯಾಗಿಯೇ ಮಾತಾಡಿಕೊಂಡರು. ಗುರುಶಾಂತನಿಗೆ ಅದು ಕೇಳಿಸಿತು. ಹಿಂದಿನ ಸೀಟಿನಲ್ಲಿ ರೂಪಾಲಿಗೂ ಕೇಳಿಸಿತು, ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮನೆಯ ಅಂಗಳದಲ್ಲಿ ಕಾರು ನಿಂತಿತು. ಎಂಜಿನ್ ಆರಿಸಿ, ಕೈಬ್ರೇಕು ಎಳೆದು, ಗೇರಿಗೆ ಹಾಕಿ, ಇಳಿದು ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು ಬಂದ ಗುರುಶಾಂತ ಅತ್ತೆಯ ಕಡೆಯ ಬಾಗಿಲು ತೆರೆದು ಹಿಡಿದ. ಸಾವಿತ್ರಿಬಾಯಿ ಇಳಿಯಲಿಲ್ಲ. ತೆರೆದಿದ್ದ ಒಂದು ಕಣ್ಣಿನಿಂದ ಅಳಿಯನ ಮುಖವನ್ನು, ಅದೇ ಮೊದಲ ಸಲವೆಂಬಂತೆ, ನೆಟ್ಟಗೆ ನೋಡಿದರು.

"ಅಂಜಿಕಿ ಹೋತೇನ್ರಿ?" ಎಂದು ಕೇಳಿದರು.

"ಇನ್ನೂ ಇಲ್ರಿ" ಎಂದ ಗುರುಶಾಂತ.

"ನಂದೂ ಹೋಗಿಲ್ಲ" ಎಂದು ಸಾವಿತ್ರಿಬಾಯಿ ಅವನ ತೋಳು ಹಿಡಿದು ಇಳಿದರು.